ಸೇಫ್‌ವರ್ಡ್ ಬರಲಿಲ್ಲ ಅಂದ್ರೆ ಮಾನಿಟರ್ ಸುಮ್ನೆ ನಿಂತಿರಬೇಕಾ? (ಬಿಡಿಎಸ್‌ಎಂ, 18 ದಾಟಿದವರಿಗೆ ಮಾತ್ರ)

ಥೇಮ್ಸ್ ದಂಡೆ
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಲಂಡನ್‌ನಲ್ಲಿ. ಇಲ್ಲಿನ ಒಂದು ಕಿಂಕ್ ಕ್ಲಬ್ಬಿನವರು (ಒಪ್ಪಿಗೆಯ ಮೇಲೆ ಕಟ್ಟುವ, ಹೊಡೆಯುವ ಬಿಡಿಎಸ್‌ಎಂ ಆಟ ಆಡುವವರ ಕೂಟ) ತಮ್ಮ ಪಾರ್ಟಿಗಳಿಗೆ ಡಂಜನ್ ಮಾನಿಟರ್ ಆಗಿ ನಿಲ್ಲುತ್ತೀರಾ ಅಂತ ಕೇಳಿದ್ದಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೇಫ್‌ವರ್ಡ್ ಅಂದರೆ ಆಟ ನಿಲ್ಲಿಸಲು ಮೊದಲೇ ಗೊತ್ತು ಮಾಡಿಕೊಂಡ ಮಾತು. ಡಿಎಂ ಅಂದರೆ ಆ ರಾತ್ರಿ ತಾನು ಆಡದೆ, ಕುಡಿಯದೆ, ತೋಳಿಗೆ ಪಟ್ಟಿ ಕಟ್ಟಿಕೊಂಡು ಉಳಿದವರ ಮೇಲೆ ಕಣ್ಣಿಟ್ಟಿರುವವರು. ಸಂಬಳ ಇಲ್ಲ, ಟಿಕೆಟ್ ಮಾತ್ರ ಫ್ರೀ.

ತರಬೇತಿಗೆ ಹೋದಾಗ ಇಬ್ಬರು ಹಿರಿಯ ಡಿಎಂಗಳ ನಡುವೆಯೇ ಜಟಾಪಟಿ ಆಯಿತು. ಒಬ್ಬರು, "ಸೇಫ್‌ವರ್ಡ್ ಕಿವಿಗೆ ಬೀಳುವ ತನಕ ಹತ್ತಿರ ಹೋಗಬೇಡಿ. ಅದು ಅವರಿಬ್ಬರ ಮಾತು, ನಡುವೆ ಹೋದರೆ ಅವರ ಒಪ್ಪಿಗೆಯನ್ನು ಮುರಿದವರು ನೀವೇ" ಅಂದರು. ಇನ್ನೊಬ್ಬರು, "ಬಾಯಿ ಬಿಡುವ ಸ್ಥಿತಿಯಲ್ಲೇ ಇಲ್ಲದವರ ಬಾಯಿಂದ ಸೇಫ್‌ವರ್ಡ್ ಬರಲಿ ಅಂತ ಕಾಯುವುದಾದರೆ ಡಿಎಂ ಯಾಕೆ ಬೇಕು?" ಅಂದರು. ಎರಡೂ ಸರಿ ಅನ್ನಿಸುತ್ತೆ ನನಗೆ, ಅದೇ ತಾಪತ್ರಯ. ಅನುಭವ ಇರುವವರು ಏನಂತೀರಿ?

ಹುರಿಹಗ್ಗ
ಎರಡನೆಯವರು ಸರಿ. ಇದರಲ್ಲಿ ಯೋಚನೆ ಮಾಡೋದೇನಿದೆ?

ಹಳೇ ಹುಲಿ
ಇದೆ ಮಾರಾಯ, ಬೇಕಾದಷ್ಟಿದೆ. ಹೊಸದಾಗಿ ತೋಳಪಟ್ಟಿ ಕಟ್ಟಿಕೊಂಡವರಿಗೆ ಎಲ್ಲವೂ ಅಪಾಯದ ಹಾಗೇ ಕಾಣುತ್ತೆ. ಅಳುವುದು, ಕಿರುಚುವುದು, "ಬೇಡ ಬೇಡ" ಅನ್ನುವುದು ಎಷ್ಟೋ ಜನರ ಆಟದ ಭಾಗವೇ. "ಬೇಡ" ಅನ್ನುವ ಮಾತನ್ನು ಆಟಕ್ಕೆ ಬಿಟ್ಟುಕೊಟ್ಟಿರುವುದರಿಂದಲೇ "ರೆಡ್" (ನಿಲ್ಲಿಸು) ಅಂತ ಬೇರೆ ಮಾತು ಇಟ್ಟುಕೊಳ್ಳುವುದು. ಯಾರೋ ಅತ್ತರು ಅಂತ ಡಿಎಂ ಓಡಿ ಬಂದು ಭುಜ ಹಿಡಿದರೆ ಇಬ್ಬರಿಗೂ ರಾತ್ರಿ ಕೆಟ್ಟಿತು. ಜೊತೆಗೆ ಮುಟ್ಟಬೇಡಿ ಅಂದವರನ್ನು ಮುಟ್ಟಿದ್ದೂ ಆಯಿತು.

1983ರಲ್ಲಿ ನ್ಯೂಯಾರ್ಕಿನ ಜಿಎಂಎಸ್‌ಎಂಎ ಅನ್ನುವ ಸಲಿಂಗಿ ಗಂಡಸರ ಸಂಘದವರು "ಸೇಫ್, ಸೇನ್, ಕನ್ಸೆನ್ಶುವಲ್" (ಸುರಕ್ಷಿತ, ಸ್ವಸ್ಥ ಮನಸ್ಸು, ಒಪ್ಪಿಗೆ) ಅಂತ ಹೇಳಲು ಶುರು ಮಾಡಿದರು. ಆಮೇಲೆ ಅದು ಎಲ್ಲರ ಬಾಯಲ್ಲೂ ಬಂತು. ಆದರೆ ಯಾವುದು ಸೇಫ್, ಯಾರು ಸೇನ್ ಅಂತ ತೀರ್ಮಾನ ಮಾಡುವವರು ಯಾರು? ಆ ಜಗಳದಿಂದಲೇ 1999ರಲ್ಲಿ "ರ‍್ಯಾಕ್" ಹುಟ್ಟಿತು. ಅಪಾಯ ಇದೆ ಅಂತ ಗೊತ್ತಿದ್ದು ಒಪ್ಪಿಕೊಳ್ಳುವುದು ಅಂತ. ಅಪಾಯ ತೂಗುವವರು ಆಡುವವರು, ನೋಡುತ್ತಾ ನಿಂತವರಲ್ಲ.

ನೈಟ್ ಡ್ಯೂಟಿ
ಹಳೇ ಹುಲಿ ಸಾರ್, ಅಳುವುದಕ್ಕೂ ಪ್ರಜ್ಞೆ ತಪ್ಪುವುದಕ್ಕೂ ವ್ಯತ್ಯಾಸ ಇದೆಯಲ್ಲಾ. ನಾನು ಐಸಿಯು ನರ್ಸ್, ಕಿಂಕ್ ವಲಯದಲ್ಲೂ ಇದ್ದೇನೆ. ಡಿಎಂ ಆಗಿ ನಿಂತಾಗ ನಾನು ಕೂಗು ಕೇಳುವುದೇ ಇಲ್ಲ. ಕೈ ನೋಡುತ್ತೇನೆ, ತುಟಿ ನೋಡುತ್ತೇನೆ, ಕುತ್ತಿಗೆ ಎತ್ತ ವಾಲಿದೆ ಅಂತ ನೋಡುತ್ತೇನೆ. ಕೂಗುತ್ತಿದ್ದವರು ಏಕಾಏಕಿ ಸುಮ್ಮನಾದರೆ ಮೊದಲು ಅತ್ತ ಹೋಗುತ್ತೇನೆ.

ಜೋರು ಆಟದ ಮಧ್ಯೆ ದೇಹದಲ್ಲಿ ಅಡ್ರಿನಲಿನ್, ಎಂಡಾರ್ಫಿನ್ ಏರಿರುತ್ತೆ. ನೋವು ಮಂಕಾಗುತ್ತೆ, ಮಾತು ಹೊರಡುವುದಿಲ್ಲ. ಸಬ್‌ಸ್ಪೇಸ್ ಅನ್ನುತ್ತಾರಲ್ಲ, ಅದು. ಆ ಸ್ಥಿತಿಯಲ್ಲಿರುವವರಿಗೆ ಸೇಫ್‌ವರ್ಡ್ ನೆನಪಾಗದೇ ಹೋಗಬಹುದು. ನೆನಪಾದರೂ ಹೇಳಬೇಕು ಅನ್ನಿಸದೇ ಇರಬಹುದು. ಅದಕ್ಕೇ ನಮ್ಮ ಕಡೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಆಟ ಶುರುವಾದ ಮೇಲೆ ಹೊಸದೇನನ್ನೂ ಸೇರಿಸುವ ಹಾಗಿಲ್ಲ. ಮಧ್ಯದಲ್ಲಿ "ಇದನ್ನೂ ಮಾಡಲಾ?" ಅಂತ ಕೇಳಿ "ಹ್ಞೂಂ" ಅನ್ನಿಸಿಕೊಂಡರೆ ಅದನ್ನು ನಾನು ಒಪ್ಪಿಗೆ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಕಡಿಮೆ ಮಾಡುವುದಕ್ಕೆ ಯಾವಾಗ ಬೇಕಾದರೂ ಕೇಳಬಹುದು. ಜಾಸ್ತಿ ಮಾಡುವ ಮಾತು ಇನ್ನೊಂದು ದಿನಕ್ಕೆ.

ಹುರಿಹಗ್ಗ
ಹೌದು ಅಕ್ಕ. ಹಗ್ಗದ ಆಟದಲ್ಲಂತೂ ಇದು ಪಕ್ಕಾ. ಕಟ್ಟಿಸಿಕೊಂಡವರು "ಏನಾಗಿಲ್ಲ, ಮುಂದುವರಿಸು" ಅನ್ನುತ್ತಿರುತ್ತಾರೆ, ಅಷ್ಟರಲ್ಲಿ ರಕ್ತ ಓಡಾಟ ನಿಂತು ಕೈ ನೀಲಿ ಆಗಿರುತ್ತೆ. ಹದಿನೈದು ನಿಮಿಷಕ್ಕೊಮ್ಮೆ ಬಣ್ಣ ನೋಡಿದರೆ ಸಾಕು.

ನೈಟ್ ಡ್ಯೂಟಿ
ಸಾಲದು! ಬಣ್ಣ ನೋಡಿ ನೆಮ್ಮದಿಯಾಗಿ ಕೂತವರೇ ಆಮೇಲೆ ಆಸ್ಪತ್ರೆಗೆ ಬರುವುದು. ರಕ್ತ ಸ್ವಲ್ಪ ಹೊತ್ತು ಕಮ್ಮಿಯಾದರೆ ಹಗ್ಗ ಬಿಚ್ಚಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತೆ. ನರಕ್ಕೆ ಪೆಟ್ಟು ಬಿದ್ದರೆ ಆ ಕಥೆಯೇ ಬೇರೆ. ತೋಳಿನ ಹೊರಬದಿಯಲ್ಲಿ ರೇಡಿಯಲ್ ನರ ಎಲುಬಿಗೆ ಅಂಟಿಕೊಂಡ ಹಾಗೆ ಹಾದುಹೋಗುತ್ತೆ. ಅದರ ಮೇಲೆ ಹಗ್ಗ ಒತ್ತಿ, ಮೈಭಾರವೂ ಅದೇ ಹಗ್ಗದ ಮೇಲೆ ಬಿದ್ದರೆ ಕೆಲವೇ ನಿಮಿಷದಲ್ಲಿ ಕೆಲಸ ಕೆಡುತ್ತೆ. ಕೈ ಬಣ್ಣ ಚೆನ್ನಾಗೇ ಇರುತ್ತೆ, ಬೆಚ್ಚಗೇ ಇರುತ್ತೆ. ಮಣಿಕಟ್ಟು ಮಾತ್ರ ಜೋತು ಬೀಳುತ್ತೆ, ಮೇಲಕ್ಕೆ ಎತ್ತಲು ಆಗುವುದಿಲ್ಲ. ವಾರಗಳು, ಕೆಲವರಿಗೆ ತಿಂಗಳುಗಳು ಬೇಕು ಸರಿಯಾಗಲು. ಕೆಲವರಿಗೆ ಪೂರ್ತಿ ಸರಿಯಾಗುವುದೂ ಇಲ್ಲ.

ನೋಡಬೇಕಾದ್ದು ಚಲನೆ. ನಿಮ್ಮ ಅಂಗೈಯನ್ನು ಅವರ ಕೈ ಹಿಂಬದಿಗೆ ಇಟ್ಟು "ತಳ್ಳಿ" ಅನ್ನಿ. ಹೆಬ್ಬೆರಳು ಎತ್ತಲು ಹೇಳಿ. ಹೆಬ್ಬೆರಳ ಬುಡದ ಹಿಂಬದಿ ಜುಮ್ ಅಂದರೂ, ಮರಗಟ್ಟಿದ ಹಾಗಿದ್ದರೂ ತಕ್ಷಣ ಬಿಚ್ಚಿ. ಗಂಟು ಬಿಚ್ಚಲು ತಡವಾದರೆ ಕತ್ತರಿಸಿ. ಹಗ್ಗದ ದುಡ್ಡು ಹೋದರೆ ಹೋಗಲಿ.

ಒಗ್ಗರಣೆ
ಜಪಾನಿನ ಸೆಣಬಿನ ಹಗ್ಗದ ರೇಟು ಕೇಳಿದ್ದೀರಾ ಅಕ್ಕ? ಅದನ್ನು ಕತ್ತರಿಸುವಾಗ ನರ ಇಲ್ಲದ ಜಾಗದಲ್ಲೂ ನೋವಾಗುತ್ತೆ.

ಹುರಿಹಗ್ಗ
ಬಿಚ್ಚಲು ಗೊತ್ತಿದ್ದವನಿಗೆ ಕತ್ತರಿ ಬೇಕಾಗಲ್ಲ ಅನ್ನೋದು ನನ್ನ ವಾದ. ಇರಲಿ, ಜೇಬಲ್ಲಿ ಇಟ್ಟಿರುತ್ತೇನೆ.

ಸುಮ್ನೆ ಬಂದೆ
ಓದಿ ತಲೆ ಕೆಟ್ಟುಹೋಯಿತು. ಹೊಡೆಸಿಕೊಳ್ಳುವುದಕ್ಕೆ ಒಪ್ಪಿಗೆಯಂತೆ, ಅದನ್ನು ನೋಡಿಕೊಳ್ಳಲು ಕಾವಲುಗಾರರಂತೆ! ನಮ್ಮ ಬೀದಿಯಲ್ಲಿ ದಿನಾ ಹೆಂಡತಿಗೆ ಹೊಡೆಯುವ ಮಹಾನುಭಾವನೂ "ಅವಳಿಗೇನೂ ತೊಂದರೆ ಇಲ್ಲ, ನಿಮಗೇನು?" ಅಂತಾನೇ ಹೇಳೋದು. ನಿಮಗೂ ಅವನಿಗೂ ಏನು ವ್ಯತ್ಯಾಸ? ಇದು ಕಾಯಿಲೆ ಅಲ್ವಾ?

ಮೂರನೇ ಮಹಡಿ
ವ್ಯತ್ಯಾಸ ನಾನು ಹೇಳ್ತೀನಿ. ನಿಮ್ಮ ಬೀದಿಯ ಆ ಹೆಂಗಸು "ಸಾಕು" ಅಂದರೆ ಅವನು ನಿಲ್ಲಿಸುತ್ತಾನಾ? ಯಾವಾಗ ಶುರು, ಎಲ್ಲಿಗೆ ಹೊಡೆಯಬೇಕು, ಎಷ್ಟು ಹೊತ್ತು, ಯಾವಾಗ ಮುಗೀಬೇಕು ಅಂತ ಅವಳನ್ನು ಮೊದಲೇ ಕೂರಿಸಿಕೊಂಡು ಕೇಳಿದ್ದಾನಾ? ನಾಳೆಯಿಂದ ಬೇಡ ಅಂದರೆ ಅವಳಿಗೆ ಮನೆಯಲ್ಲಿ ಊಟ, ಸೂರು ಇರುತ್ತಾ? ಒಪ್ಪಿಗೆ ಅನ್ನೋದು ಮನೆ ಬಾಗಿಲಲ್ಲೇ ಮುಗಿಯುತ್ತೆ ಅಂತ ನಂಬಿರುವ ಊರು ನಮ್ಮದು. ಗಂಡನ ಮೇಲೆ ಅತ್ಯಾಚಾರದ ಆರೋಪ ಹೊರಿಸಬಹುದು ಅಂತ 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹೇಳಿತ್ತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇಲ್ಲಿ ಸೇರಿರುವ ಜನ ಒಪ್ಪಿಗೆ ಬಗ್ಗೆ ಮಾತಾಡುವ ಅರ್ಧದಷ್ಟು ನಮ್ಮ ಮದುವೆ ಮಾತುಕತೆಗಳಲ್ಲಿ ಆಗಿದ್ದರೆ ಸಾಕಿತ್ತು.

ನೈಟ್ ಡ್ಯೂಟಿ
ಕಾಯಿಲೆ ಪ್ರಶ್ನೆಗೆ: ಅಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5, 2013ರಲ್ಲೇ ಬರೀ ಆಸಕ್ತಿಯನ್ನೂ ಕಾಯಿಲೆಯನ್ನೂ ಬೇರೆ ಬೇರೆ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಜಾರಿಗೆ ಬಂದದ್ದು 2022ರಲ್ಲಿ. ಅದರ ಪಟ್ಟಿಯಲ್ಲಿ ಒಪ್ಪಿಗೆಯ ಮೇಲೆ ನಡೆಯುವ ಸ್ಯಾಡೋಮಾಸೋಕಿಸಂ ಇಲ್ಲ. ಒಪ್ಪದವರ ಮೇಲೆ ಬೀಳುವುದು ಇದೆ.

ಸುಮ್ನೆ ಬಂದೆ
ಸರಿ ಮೇಡಂ, ಕಾಯಿಲೆ ಅನ್ನೋ ಮಾತು ಬಿಟ್ಟೆ. ಆದರೆ ಈ ಮಾತುಗಳನ್ನೇ ಬಾಯಿಪಾಠ ಮಾಡಿಕೊಂಡು ಕೆಟ್ಟವರು ಒಳಗೆ ಸೇರಿಕೊಳ್ಳಲ್ವಾ?

ಮೂರನೇ ಮಹಡಿ
ಸೇರಿಕೊಳ್ಳುತ್ತಾರೆ, ಡೌಟೇ ಬೇಡ. ಬೆಂಗಳೂರಿನ ಡೇಟಿಂಗ್ ಆ್ಯಪ್‌ಗಳಲ್ಲಿ "ಡಾಮ್" (ಆಟದಲ್ಲಿ ಆಳುವವ; ಆಳಿಸಿಕೊಳ್ಳುವವರು ಸಬ್) ಅಂತ ಬರೆದುಕೊಂಡ ಗಂಡಸರಿಗೆ ಲೆಕ್ಕ ಇಲ್ಲ. ಹಾಯ್ ಹಲೋ ಆಗುವ ಮೊದಲೇ "ಸಾರ್ ಅಂತ ಕರಿ" ಅಂತಾರೆ. ಆಮೇಲೆ "ಟಾಸ್ಕ್" ಅಂತ ಮುಖ ಕಾಣುವ ಫೋಟೋ ಕೇಳುತ್ತಾರೆ. "ನಿಜವಾದ ಸಬ್ ಆದವಳಿಗೆ ಲಿಮಿಟ್ ಇರಲ್ಲ, ಸೇಫ್‌ವರ್ಡ್ ಬೇಕಿಲ್ಲ" ಅಂತ ಪಾಠ ಬೇರೆ. ಅಂಥ ಮಾತು ಬಂದ ಕ್ಷಣ ಬ್ಲಾಕ್ ಮಾಡಿ. ಇನ್ನೊಂದು ಅವಕಾಶ ಕೊಡುವ ದೊಡ್ಡತನ ಬೇಡ.

ಥೇಮ್ಸ್ ದಂಡೆ ಅವರೇ, ನಿಮಗೆ ಕ್ಲಬ್ಬು, ಡಿಎಂ, ತೋಳಪಟ್ಟಿ ಎಲ್ಲಾ ಇದೆ. ಇಲ್ಲಿ ನಮಗೆ ಇರೋದು ಯಾರದೋ ಬಾಡಿಗೆ ಮನೆ, ಇಲ್ಲಾ ಹೋಟೆಲ್ ರೂಮು. ಹೋಟೆಲ್‌ನಲ್ಲಿ ಇಬ್ಬರ ಗುರುತಿನ ಚೀಟಿ ಕೊಡಬೇಕು. ಬಾಡಿಗೆ ಮನೆಯಲ್ಲಿ ಗೋಡೆಯಾಚೆ ಓನರ್ ಆಂಟಿ. ಜೋರಾಗಿ "ರೆಡ್" ಅನ್ನುವುದಕ್ಕೂ ಹೆದರಿಕೆ! ಅಂಥ ಕಡೆ ಮಾನಿಟರಿಂಗ್ ಹೇಗೆ?

ಹುರಿಹಗ್ಗ
ಅದಕ್ಕೇ ಸೇಫ್ ಕಾಲ್ ಇರೋದು. ಹೋಗುವ ಮೊದಲು ಒಬ್ಬ ನಂಬಿಕಸ್ಥ ಗೆಳತಿಗೆ ವಿಳಾಸ, ಅವನ ಹೆಸರು, ನಂಬರ್, ವಾಪಸ್ ಬರುವ ಟೈಮ್ ಕೊಡಿ. ಇಷ್ಟು ಗಂಟೆಗೆ ಫೋನ್ ಮಾಡ್ತೀನಿ ಅಂತ ಹೇಳಿ. ಹೀಗೆ ಹೇಳಿ ಬಂದಿದ್ದೀನಿ ಅಂತ ಅವನಿಗೂ ಗೊತ್ತಿರಲಿ. ಒಳ್ಳೆಯವನಾದರೆ ಬೇಜಾರು ಮಾಡ್ಕೊಳ್ಳಲ್ಲ.

ಮೂರನೇ ಮಹಡಿ
ಬರೀ "ಸೇಫ್ ಇದ್ದೀನಿ" ಅಂತ ಮೆಸೇಜ್ ಸಾಲದು ಅಂತ ಸೇರಿಸ್ತೀನಿ. ಮೆಸೇಜ್ ಯಾರು ಬೇಕಾದರೂ ಟೈಪ್ ಮಾಡಬಹುದು. ದನಿ ಕೇಳಬೇಕು, ತೊಂದರೆ ಇದ್ದರೆ ಹೇಳಲು ಮೊದಲೇ ಗೊತ್ತು ಮಾಡಿಕೊಂಡ ಒಂದು ಮಾತು ಇರಬೇಕು. ನಾವು "ಅಮ್ಮ ಕರೆಂಟ್ ಬಿಲ್ ಕಟ್ಟಿದ್ರಾ?" ಅಂತ ಇಟ್ಟುಕೊಂಡಿದ್ದೀವಿ. ಹಾಗೆ ಕೇಳಿದರೆ ಗೆಳತಿ ಆಟೋ ಹತ್ತಿ ಬರ್ತಾಳೆ ಅಂತ ಅರ್ಥ.

ಮೊದಲ ಭೇಟಿ ಕೆಫೆಯಲ್ಲೇ ಆಗಲಿ. ಮಂಚ್ ಅಂತ ಮಾಡುತ್ತಾರಲ್ಲ, ಮಾಮೂಲಿ ಬಟ್ಟೆಯಲ್ಲಿ ಕಾಫಿ ಕುಡಿದು ಮಾತಾಡಿ ಹೋಗುವುದು, ಅಲ್ಲಿ ನಾಲ್ಕು ಜನ ಹೆಂಗಸರನ್ನು ಕೇಳಿದರೆ ಯಾರು ಎಂಥವರು ಅಂತ ಗೊತ್ತಾಗುತ್ತೆ. ಭಾರತದಲ್ಲಿ ಕಿಂಕಿ ಕಲೆಕ್ಟಿವ್‌ನವರು ಒಪ್ಪಿಗೆ ಬಗ್ಗೆ ಮಾತಾಡ್ತಾ ಬಂದಿದ್ದಾರೆ, ಅವರ ಬರಹ ಹುಡುಕಿ ಓದಿ.

ಒಗ್ಗರಣೆ
ನಮ್ಮಮ್ಮ ನಿಜವಾಗಲೂ ದಿನಾ ಕರೆಂಟ್ ಬಿಲ್ ಕೇಳ್ತಾರೆ. ನನಗೆ ಬೇರೆ ಪದ ಬೇಕು.

ಹಳೇ ಹುಲಿ
ಮಾತು ಎಲ್ಲೋ ಹೋಯಿತು. ಡಿಎಂ ವಿಷಯಕ್ಕೆ ಬರೋಣ. ನನ್ನ ತಕರಾರು ಇಷ್ಟೇ: ಯಾವಾಗ ನಡುವೆ ಹೋಗಬೇಕು ಅನ್ನೋದು ಡಿಎಂ ಮನಸ್ಸಿಗೆ ಬಂದ ಹಾಗಿರಬಾರದು. ನನ್ನ ಕಣ್ಣೆದುರೇ ಒಬ್ಬ ಡಿಎಂ ಇಬ್ಬರು ಗಂಡಸರ ಆಟ ನಿಲ್ಲಿಸಿದ, ಪಕ್ಕದಲ್ಲೇ ಅದನ್ನೇ ಮಾಡುತ್ತಿದ್ದ ಗಂಡು ಹೆಣ್ಣಿನ ಜೋಡಿಯನ್ನು ಬಿಟ್ಟ. ಕೇಳಿದರೆ "ನೋಡಲು ಒಂಥರಾ ಆಯ್ತು" ಅಂದ. ಒಂಥರಾ ಆಯ್ತು ಅನ್ನೋದು ಸುರಕ್ಷತೆಯಾ?

ಥೇಮ್ಸ್ ದಂಡೆ
ಇದು ನನಗೂ ಇರುವ ಭಯ. ಹಾಗಾದರೆ ಯಾವ ಗುರುತು ಕಂಡರೆ ಹೋಗಬೇಕು? ಹೋದರೆ ಹೇಗೆ ಹೋಗಬೇಕು?

ನೈಟ್ ಡ್ಯೂಟಿ
ನಿಮ್ಮ ಮುಜುಗರ ಲೆಕ್ಕಕ್ಕಿಲ್ಲ, ಆ ವ್ಯಕ್ತಿಯ ಸ್ಥಿತಿ ಮಾತ್ರ ಲೆಕ್ಕಕ್ಕೆ. ಕರೆದರೆ ತಿರುಗುತ್ತಿಲ್ಲ, ಬೆವರಿ ಬಿಳಿಚಿಕೊಂಡಿದ್ದಾರೆ, ಮೊಣಕಾಲು ಕುಸಿಯುತ್ತಿದೆ, ಏಟು ಬೆನ್ನಿನ ಕೆಳಭಾಗಕ್ಕೆ ಬೀಳುತ್ತಿದೆ, ಕಟ್ಟಿಹಾಕಿ ಆಚೆ ಹೋದವರು ಕಾಣುತ್ತಿಲ್ಲ. ಇವಿಷ್ಟಕ್ಕೆ ಯಾರ ಅಪ್ಪಣೆಯೂ ಬೇಡ. ಬೆನ್ನಿನ ಕೆಳಭಾಗ ಅಂತ ಹೇಳಿದ್ದು ಕಿಡ್ನಿ ಇರುವ ಜಾಗ ಅಂತ. ಅಲ್ಲಿ ಮಾಂಸದ ದಪ್ಪ ಇಲ್ಲ. ನಿಂತ ಹಾಗೇ ಕೈ ಮೇಲೆ ಕಟ್ಟಿಸಿಕೊಂಡವರು ತಲೆಸುತ್ತು ಅಂದರೆ ಮೊದಲು ಮೈಭಾರಕ್ಕೆ ಆಸರೆ ಕೊಟ್ಟು, ಬಿಡಿಸಿ, ಮಲಗಿಸಿ. ಮಾತೆಲ್ಲ ಆಮೇಲೆ.

ಹೋಗುವ ರೀತಿ: ಹಿಂದಿನಿಂದ ಹೋಗಬೇಡಿ, ಚಾವಟಿ ನಿಮಗೇ ಬೀಳುತ್ತೆ. ಹೊಡೆಯುವವರ ಕಣ್ಣಿಗೆ ಬೀಳುವ ಹಾಗೆ ಪಕ್ಕಕ್ಕೆ ಬಂದು ನಿಲ್ಲಿ, ಕೈ ಎತ್ತಿ. ಎಷ್ಟೋ ಸಲ ಅಷ್ಟೇ ಸಾಕು. ಅವರೇ ಬಗ್ಗಿ "ಕಲರ್?" ಅಂತ ಕೇಳುತ್ತಾರೆ. ಕೆಳಗಿರುವವರು "ಗ್ರೀನ್" (ಮುಂದುವರಿಸು) ಅಂತ ಸ್ಪಷ್ಟವಾಗಿ ಹೇಳಿ ಕೈ ಬೆರಳು ಆಡಿಸಿದರೆ ನೀವು ಹೆಬ್ಬೆರಳು ತೋರಿಸಿ ವಾಪಸ್ ಬನ್ನಿ. ಐದು ಸೆಕೆಂಡಿನ ಕೆಲಸ. ರಾತ್ರಿ ಕೆಡುವುದಿಲ್ಲ, ಹಳೇ ಹುಲಿ ಸಾರ್.

ಹಳೇ ಹುಲಿ
ಹೀಗಾದರೆ ನನ್ನದೇನೂ ತಕರಾರಿಲ್ಲ. ಆದರೂ "ಬೇಡ ಬೇಡ" ಆಟ ಆಡುವವರು ಮೊದಲೇ ಡಿಎಂಗೆ ಹೇಳಿರಬೇಕು, ಡಿಎಂ ಬದಲಾದಾಗ ಆ ಮಾತು ಮುಂದಿನವರಿಗೆ ದಾಟಬೇಕು. ಎಷ್ಟೋ ಗಲಾಟೆ ಶಿಫ್ಟ್ ಬದಲಾಗುವ ಹೊತ್ತಿಗೇ ಆಗೋದು.

ಹುರಿಹಗ್ಗ
ಇನ್ನೊಂದು. ಮ್ಯೂಸಿಕ್! ಸ್ಪೀಕರ್ ಪಕ್ಕ ನಿಂತರೆ ಸೇಫ್‌ವರ್ಡ್ ಅಲ್ಲ, ಸೈರನ್ ಕೂಡ ಕೇಳಿಸಲ್ಲ. ಬಾಯಿಗೆ ಗ್ಯಾಗ್ ಇದ್ದರೆ ಕೈಗೆ ಏನಾದರೂ ಕೊಟ್ಟು "ಕೈಬಿಟ್ಟರೆ ನಿಲ್ಲಿಸುತ್ತೇನೆ" ಅನ್ನುವುದು ರೂಢಿ. ಬೀಗದ ಕೈ ಗೊಂಚಲು ಕೊಡುತ್ತಾರೆ. ಅದು ಜಿಮ್ ಮ್ಯಾಟ್ ಮೇಲೆ ಬಿದ್ದರೆ ಸದ್ದೇ ಬರಲ್ಲ. ಕಡುಹಳದಿ ಕರವಸ್ತ್ರ ಕೊಡಿ, ಮಂಕು ಬೆಳಕಲ್ಲೂ ಕಾಣುತ್ತೆ.

ಥೇಮ್ಸ್ ದಂಡೆ
ಹಳದಿ ಕರವಸ್ತ್ರ ಬರೆದುಕೊಂಡೆ. ಕತ್ತು ಅದುಮುವ ಆಟದ ಬಗ್ಗೆ? ನಮ್ಮ ಕ್ಲಬ್ಬಿನಲ್ಲಿ ಪೂರ್ತಿ ನಿಷೇಧ. ಕೆಲವರು "ಗೊತ್ತಿದ್ದವರು ಮಾಡಿದರೆ ಏನಾಗಲ್ಲ" ಅಂತ ಗೊಣಗುತ್ತಾರೆ.

ನೈಟ್ ಡ್ಯೂಟಿ
ನಿಷೇಧ ಸರಿ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗಬಹುದು. ಯಾವ ಸೇಫ್‌ವರ್ಡ್, ಯಾವ ಕರವಸ್ತ್ರ? ರಕ್ತನಾಳದ ಒಳಪದರ ಸೀಳಿದರೆ ಆ ರಾತ್ರಿ ಏನೂ ಗೊತ್ತಾಗದೆ, ಒಂದೆರಡು ದಿನ ಬಿಟ್ಟು ಸ್ಟ್ರೋಕ್ ಆಗಬಹುದು, ವಯಸ್ಸು ಇಪ್ಪತ್ತೈದಾದರೂ. ಸುರಕ್ಷಿತವಾಗಿ ಮಾಡುವ ವಿಧಾನ ಇದೆ ಅನ್ನುವವರನ್ನು ನಂಬಬೇಡಿ. ಆದಮೇಲೆ ದನಿ ಒಡೆದರೆ, ನುಂಗಲು ಕಷ್ಟ ಆದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಕಂಡರೆ, ತಲೆನೋವು ಬಂದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಕರಿಕೋಟು
ತಡವಾಗಿ ಬಂದೆ. ಥೇಮ್ಸ್ ದಂಡೆ, ನಿಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಹಳ ಬಿಗಿ. ಒಪ್ಪಿಗೆ ಇತ್ತು ಅಂದ ಮಾತ್ರಕ್ಕೆ ಬಚಾವ್ ಅಂತ ಅಂದುಕೊಳ್ಳಬೇಡಿ. 1987ರಲ್ಲಿ ಪೊಲೀಸರಿಗೆ ಒಂದು ವಿಡಿಯೋ ಸಿಕ್ಕಿ "ಆಪರೇಷನ್ ಸ್ಪ್ಯಾನರ್" ಶುರುವಾಯಿತು. ಗಂಡಸರ ಒಂದು ಗುಂಪು, ಎಲ್ಲರೂ ಒಪ್ಪಿ ಮಾಡಿದ್ದು, ಒಬ್ಬರೂ ದೂರು ಕೊಟ್ಟಿರಲಿಲ್ಲ. ಆದರೂ ಶಿಕ್ಷೆ ಆಯಿತು. 1993ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡರಂತೆ ಎತ್ತಿಹಿಡಿಯಿತು. 1997ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯವೂ ಅವರ ಕೈ ಹಿಡಿಯಲಿಲ್ಲ.

ತಮಾಷೆ ನೋಡಿ, 1996ರ ವಿಲ್ಸನ್ ಪ್ರಕರಣದಲ್ಲಿ ಗಂಡ ತನ್ನ ಹೆಸರಿನ ಮೊದಲಕ್ಷರಗಳನ್ನು ಬಿಸಿ ಚಾಕುವಿನಿಂದ ಹೆಂಡತಿಯ ಮೈಮೇಲೆ ಬರೆ ಹಾಕಿದ್ದ, ಅವಳೇ ಕೇಳಿದ್ದಳು. ಅದು ಹಚ್ಚೆ ಇದ್ದ ಹಾಗೆ ಅಂತ ಬಿಟ್ಟುಬಿಟ್ಟರು! ಗಂಡ ಹೆಂಡತಿಗೆ ಒಂದು, ಸಲಿಂಗಿ ಗಂಡಸರಿಗೆ ಇನ್ನೊಂದು ಅಂತ ಆಗಿನಿಂದಲೂ ಟೀಕೆ ಇದೆ. ಲೈಂಗಿಕ ಸುಖಕ್ಕಾಗಿ ಗಂಭೀರ ಹಾನಿಗೆ ಒಪ್ಪಿದ್ದರು ಅನ್ನುವ ವಾದ ನಡೆಯುವುದಿಲ್ಲ ಅಂತ 2021ರ ಡೊಮೆಸ್ಟಿಕ್ ಅಬ್ಯೂಸ್ ಕಾಯ್ದೆಯಲ್ಲೇ ಬರೆದಿದ್ದಾರೆ.

ಹಳೇ ಹುಲಿ
ಆ ಕಾಯ್ದೆಗೆ ಕಾರಣವೂ ಹೇಳಿ ಲಾಯರ್ ಸಾಹೇಬ್ರೆ. ಹೆಂಗಸರನ್ನು ಕೊಂದು "ಆಟದಲ್ಲಿ ಜೋರಾಯಿತು" ಅಂತ ಕೋರ್ಟಿನಲ್ಲಿ ಹೇಳಿದವರಿದ್ದರು. ನಮ್ಮ ಹೆಸರು ಕೆಡಿಸಿದವರು ಅವರು.

ಕರಿಕೋಟು
ಹೌದು, ಅದರ ವಿರುದ್ಧದ ಚಳವಳಿಯಿಂದಲೇ ಬಂದದ್ದು.

ನಮ್ಮ ಕಡೆ: ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, ಹಳೇ ಐಪಿಸಿ 87. ಹದಿನೆಂಟು ದಾಟಿದವರು ಒಪ್ಪಿದ ಹಾನಿ ಅಪರಾಧ ಅಲ್ಲ, ಆದರೆ ಸಾವು ಅಥವಾ ಗಂಭೀರ ಗಾಯದ ಉದ್ದೇಶ ಇರಬಾರದು, ಆಗಬಹುದು ಅನ್ನುವ ಅರಿವೂ ಇರಬಾರದು. ಅಲ್ಲಿ ಕೊಟ್ಟಿರುವ ಉದಾಹರಣೆ ಇಬ್ಬರು ಮೋಜಿಗೆ ಕತ್ತಿವರಸೆ ಆಡುವುದು. ಗಂಭೀರ ಗಾಯ ಅಂದರೆ ಮೂಳೆ ಮುರಿಯುವುದಷ್ಟೇ ಅಲ್ಲ. ಹದಿನೈದು ದಿನ ತೀವ್ರ ನೋವು ಇದ್ದರೂ, ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಅದರೊಳಗೆ ಬರುತ್ತೆ. ನರ್ಸ್ ಮೇಡಂ ಹೇಳಿದ ಜೋತುಬಿದ್ದ ಕೈ ನೆನಪಿರಲಿ. ಹೆದರಿಕೆಯಿಂದ ಕೊಟ್ಟ ಒಪ್ಪಿಗೆ, ಏನಾಗುತ್ತಿದೆ ಅಂತ ತಿಳಿಯದಷ್ಟು ಅಮಲಿನಲ್ಲಿ ಕೊಟ್ಟ ಒಪ್ಪಿಗೆ, ಎರಡೂ ಒಪ್ಪಿಗೆ ಅಲ್ಲ ಅನ್ನುತ್ತೆ 28ನೇ ಕಲಂ.

ಒಗ್ಗರಣೆ
ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ?

ಕರಿಕೋಟು
ನೋಟರಿ ಮುಖ ನೆನೆಸಿಕೊಂಡು ನಗು ಬಂತು. ಬರೆದುಕೊಳ್ಳಿ, ಇಬ್ಬರಿಗೂ ಲಿಮಿಟ್ ಏನು ಅಂತ ನೆನಪಿಗೆ ಒಳ್ಳೆಯದು. ಕೋರ್ಟಿನಲ್ಲಿ ಗುರಾಣಿ ಆಗಲ್ಲ. ಸಹಿ ಹಾಕಿದ ಮೇಲೂ ಯಾವ ಕ್ಷಣದಲ್ಲಾದರೂ ಬೇಡ ಅನ್ನಬಹುದು.

ಮೂರನೇ ಮಹಡಿ
ಫೋಟೋ, ವಿಡಿಯೋ ಇಟ್ಟುಕೊಂಡು ಬೆದರಿಸಿದರೆ? ಇಲ್ಲಿ ಏಟಿಗಿಂತ ಜಾಸ್ತಿ ಹೆದರಿಕೆ ಅದರದೇ.

ಕರಿಕೋಟು
ತೆಗೆಯಲು ಒಪ್ಪಿದ್ದಿರಿ ಅಂದರೆ ಹಂಚಲೂ ಒಪ್ಪಿದಂತೆ ಅಲ್ಲ. ನ್ಯಾಯ ಸಂಹಿತೆಯ 77ನೇ ಕಲಂನಲ್ಲಿ ಹೆಂಗಸರ ವಿಷಯದಲ್ಲಿ ಇದನ್ನು ಬಿಡಿಸಿಯೇ ಹೇಳಿದೆ. ಗಂಡಸರಿಗೂ ಐಟಿ ಕಾಯ್ದೆಯ 66ಇ ಇದೆ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರ ದೂರುಗಳನ್ನು ಹೆಸರು ಹೇಳದೆಯೂ ಕೊಡಬಹುದು.

ನಿರ್ವಾಹಕಿ
ಕಾನೂನಿನ ಮಾತು ಚೆನ್ನಾಗಿದೆ, ಆದರೆ ಯಾರೂ ತಮ್ಮ ನಡೆಯುತ್ತಿರುವ ಕೇಸಿನ ವಿವರ ಇಲ್ಲಿ ಹಾಕಬೇಡಿ. ಎರಡು ಕಾಮೆಂಟಿನಲ್ಲಿ ನಿಜವಾದ ಹೆಸರುಗಳಿದ್ದವು, ತೆಗೆದಿದ್ದೇನೆ.

ಹುರಿಹಗ್ಗ
ಹೆಸರು ಹಾಕಬಾರದು ಅನ್ನುವುದೇ ಹಳೇ ಜಗಳ. ಫೆಟ್‌ಲೈಫ್‌ನಲ್ಲೂ (ಕಿಂಕ್ ಜನರ ಸಾಮಾಜಿಕ ಜಾಲತಾಣ) ಒಪ್ಪಿಗೆ ಮುರಿದವರ ಹೆಸರು ಹಾಕಬಾರದು ಅನ್ನುವ ನಿಯಮಕ್ಕೆ ದೊಡ್ಡ ಗಲಾಟೆ ಆಗಿತ್ತು. ಕೊನೆಗೆ ಲಾಭ ಯಾರಿಗೆ? ಎಲ್ಲರಿಗೂ ಬೇಕಾದ, ಪಾರ್ಟಿ ನಡೆಸುವವರ ಗೆಳೆಯ ಆದವನಿಗೆ.

ನಿರ್ವಾಹಕಿ
ನಿಮ್ಮ ಸಿಟ್ಟು ಅರ್ಥವಾಗುತ್ತೆ. ಇಲ್ಲಿ ನಿಯಮ ನಿಯಮವೇ. ದೂರು ಇದ್ದರೆ ನನಗೆ ಖಾಸಗಿಯಾಗಿ ಬರೆಯಿರಿ.

ಥೇಮ್ಸ್ ದಂಡೆ
ಇದು ನಮ್ಮ ಕ್ಲಬ್ಬಿನಲ್ಲೂ ಕೇಳಬೇಕಾದ್ದು. ಡಿಎಂಗಳೆಲ್ಲ ಆಯೋಜಕರ ಸ್ನೇಹಿತರೇ. ಆಯೋಜಕರ ಮೇಲೇ ದೂರು ಬಂದರೆ ಯಾರಿಗೆ ಹೇಳಬೇಕು ಅಂತ ತರಬೇತಿಯಲ್ಲಿ ಯಾರೂ ಹೇಳಲಿಲ್ಲ. ಅದಕ್ಕೆ ಉತ್ತರ ಸಿಗದಿದ್ದರೆ ನಾನು ತೋಳಪಟ್ಟಿ ಕಟ್ಟಲ್ಲ.

ಮೂರನೇ ಮಹಡಿ
ಸರಿಯಾಗಿ ಹೇಳಿದಿರಿ. ಹೊರಗಿನವರೊಬ್ಬರ ಇಮೇಲ್ ಆದರೂ ಗೋಡೆ ಮೇಲೆ ಅಂಟಿಸಲಿ.

ಹಳೇ ಹುಲಿ
ಎಲ್ಲರೂ ಕೆಳಗಿರುವವರ ಬಗ್ಗೆಯೇ ಮಾತಾಡಿದಿರಿ. ಸೇಫ್‌ವರ್ಡ್ ಟಾಪ್‌ಗೂ ಇದೆ. ಹೊಡೆಯುವವನಿಗೂ ಸುಸ್ತಾಗುತ್ತೆ, ಕೈ ನಡುಗುತ್ತೆ, ಹಳೇದೇನೋ ನೆನಪಾಗಿ ಅಳು ಬರುತ್ತೆ. ಮರ್ಯಾದೆಗೆ ಅಂಜಿ ಮುಂದುವರಿಸುತ್ತಾನೆ. ಆಮೇಲೆ ಕೆಳಗಿದ್ದವರಿಗೆ ಕಂಬಳಿ, ನೀರು, ಚಾಕೊಲೇಟ್ ಸಿಗುತ್ತೆ, ಇವನನ್ನು ಕೇಳುವವರೇ ಇಲ್ಲ. ಎರಡು ದಿನ ಬಿಟ್ಟು ಮನಸ್ಸು ಕುಸಿಯುವುದು ಇಬ್ಬರಿಗೂ ಇದೆ.

ನೈಟ್ ಡ್ಯೂಟಿ
ಇದು ಬಹಳ ಒಳ್ಳೆ ಮಾತು. ಥೇಮ್ಸ್ ದಂಡೆ, ಆಫ್ಟರ್‌ಕೇರ್ (ಆಟ ಮುಗಿದ ಮೇಲಿನ ಆರೈಕೆ) ಮೂಲೆಯಲ್ಲಿ ಕೂತವರನ್ನು "ಮುಂದಿನವರು ಕಾಯ್ತಿದ್ದಾರೆ" ಅಂತ ಎಬ್ಬಿಸಬೇಡಿ. ನೀರು ಇಬ್ಬರಿಗೂ ಕೊಡಿ. ಸಕ್ಕರೆ ಕಾಯಿಲೆ, ಆಸ್ತಮಾ, ಫಿಟ್ಸ್, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಆಟಕ್ಕೆ ಮೊದಲೇ ಹೇಳಿಸಿಕೊಳ್ಳಿ. ಇನ್‌ಹೇಲರ್ ಲಾಕರ್‌ನಲ್ಲಿ ಇಟ್ಟು ಕೀ ಕಳೆದುಕೊಂಡವರನ್ನು ನೋಡಿದ್ದೇನೆ.

ಸುಮ್ನೆ ಬಂದೆ
ಒಂದು ಮಾತು. ಇಷ್ಟು ಹೊತ್ತು ಓದಿದೆ. ನನಗೆ ಇದು ಹಿಡಿಸಲ್ಲ, ಹಿಡಿಸೋದೂ ಇಲ್ಲ. ಆದರೆ ಆ ಸೇಫ್ ಕಾಲ್ ವಿಚಾರ ನಮ್ಮ ಮನೆ ಹುಡುಗಿಯರಿಗೆ ಹೇಳ್ತೀನಿ. ಮದುವೆಗೆ ಹುಡುಗ ನೋಡಲು ಒಬ್ಬರೇ ಹೋಗ್ತಾರೆ ಈಗ.

ಮೂರನೇ ಮಹಡಿ
ಹೇಳಿ ಸಾರ್. ಕರೆಂಟ್ ಬಿಲ್ ಬಿಟ್ಟು ಬೇರೆ ಪದ ಇಟ್ಟುಕೊಳ್ಳಲಿ.

ಹುರಿಹಗ್ಗ, ಆ ಕತ್ತರಿ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತೆ? ಆನ್‌ಲೈನ್‌ನಲ್ಲಿ ತರಿಸಿದ್ದು ನೂಲೂ ಕತ್ತರಿಸಲಿಲ್ಲ.

ಹುರಿಹಗ್ಗ
ಯಾವುದಾದರೂ ಸರ್ಜಿಕಲ್ ಅಂಗಡಿಯಲ್ಲಿ ಬ್ಯಾಂಡೇಜ್ ಕತ್ತರಿ ಅಂತ ಕೇಳಿ. ಒಂದು ಅಲಗಿನ ತುದಿ ಚಪ್ಪಟೆಯಾಗಿ ಮೊಂಡಾಗಿರಬೇಕು, ಚರ್ಮಕ್ಕೆ ಚುಚ್ಚಬಾರದು. ಮನೆಗೆ ತಂದು ನೀವು ಬಳಸುವ ಹಗ್ಗದ ತುಂಡನ್ನೇ ಎರಡು ಸುತ್ತು ಬಿಗಿದು ಕತ್ತರಿಸಿ ನೋಡಿ. ಒಂದೇ ಸಲಕ್ಕೆ ಹೋಗಲಿಲ್ಲ ಅಂದರೆ ವಾಪಸ್ ಕೊಟ್ಟು ದೊಡ್ಡದು ತನ್ನಿ.